ನಾಲ್ಕು ದಿನ ಕಾದ ಅವ್ವ

ಮೊನ್ನೆ ಗುಂಡ್ಲುಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ ಅಂಗಡಿಯವರು ಹಾಲುಮಡ್ಡಿಯ ಚೂರೊಂದನ್ನು ಕೆಂಡದ ಮೇಲೆ ಉದುರಿಸಿದರು. ಕಾಡುಮರದ ಆ ಅಂಟಿನ ಹೊಗೆ ಮೂಗಿಗೆ ತಾಗಿದ್ದೇ ತಡ, ನನ್ನ ಕಾಲು ಅಲ್ಲೇ ನಿಂತವು. ಮೆಣಸು ತರಲು ಹೋದವಳು ಬರಿಗೈಯಲ್ಲಿ ಮನೆಗೆ ಬಂದೆ. ಸೋಲಿಗರ ಹೆಂಗಸೊಬ್ಬಳ ಸೀರೆಯಲ್ಲಿ ಆ ವಾಸನೆ ಇರುತ್ತಿತ್ತು...

ಅದು ಐವತ್ತರ ದಶಕ. ನಾನು ಚಾಮರಾಜನಗರದಲ್ಲಿ ನರ್ಸ್ ಆಗಿ ಸೇರಿ ಆರು ತಿಂಗಳೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಆಕೆ ಆಸ್ಪತ್ರೆಯ ಜಗುಲಿಗೆ ಬಂದಳು. ಐವತ್ತರ ಆಸುಪಾಸು, ಮುಖದ ತುಂಬ ಸಿಡುಬಿನ ಕುಳಿ, ಒಂದು ಕಣ್ಣು ಮಸುಕು. ಪುಣಜನೂರಿನ ಮೇಲಿನ ಕಾಡಿನ ಒಂದು ಪೋಡಿನಲ್ಲಿ, ಎಂದರೆ ಅವರ ಹಟ್ಟಿಯಲ್ಲಿ, ಇಬ್ಬರಿಗೆ ಸಿಡುಬು ಎದ್ದಿತ್ತು. ಆಕೆಯದು ಬೇರೆ ಪೋಡು, ಆದರೆ ಮಗಳನ್ನು ಅಲ್ಲಿಗೆ ಕೊಟ್ಟಿದ್ದಳು.

"ಅಮ್ಮ ಬಂದವ್ಳೆ ಕಣವ್ವ. ದಾಕು ಆಕುಸ್ಕೊಂಡೋರ್ಗೆ ಬರಾಕಿಲ್ವಂತಲ್ಲ, ಬಂದು ಆಕ್ಬುಡು. ದಾರಿ ನಾ ತೋರುಸ್ತೀನಿ."

ಡಾಕ್ಟರು ಊರಲ್ಲಿರಲಿಲ್ಲ. ಹೊರಡುವುದೋ ಬಿಡುವುದೋ ನನ್ನ ಕೈಯಲ್ಲಿತ್ತು. ದಾಕಿನ ಮದ್ದು, ಎಂದರೆ ಸಿಡುಬಿನ ಲಸಿಕೆ, ಗಾಜಿನ ಸಣ್ಣ ಕೊಳವೆಗಳಲ್ಲಿ, ಒದ್ದೆ ಬಟ್ಟೆ ಸುತ್ತಿದ ಮಡಕೆಯೊಳಗೆ ತಣ್ಣಗಿತ್ತು. ಆದರೆ ಹಿಂದಿನ ವಾರವಷ್ಟೇ ಆ ಕಾಡಿನಿಂದ ಆನೆ ತುಳಿದ ಒಬ್ಬನನ್ನು ಗಾಡಿಯಲ್ಲಿ ತಂದಿದ್ದರು. ಅವನ ಮೈ ತೊಳೆದವಳು ನಾನೇ.

"ಮದ್ದು ಇನ್ನೂ ಮೈಸೂರಿಂದ ಬಂದಿಲ್ಲ ಅವ್ವ" ಎಂದುಬಿಟ್ಟೆ.

ಹೊರಟುಹೋಗುತ್ತಾಳೆ ಅಂದುಕೊಂಡಿದ್ದೆ. ಹೋಗಲಿಲ್ಲ. ಜಗುಲಿಯ ಮೂಲೆಯಲ್ಲಿ ಕೂತಳು. ಮೈಸೂರಿನ ರೈಲು ಕೂಗಿದಾಗಲೆಲ್ಲ ಎದ್ದು ನಿಂತು, ಮದ್ದು ಬಂತೇ ಎಂಬಂತೆ ನನ್ನ ಕಡೆ ನೋಡುತ್ತಿದ್ದಳು. ಹೀಗೆ ನಾಲ್ಕು ದಿನ. ನಾಲ್ಕನೆಯ ದಿನ ಡಾಕ್ಟರು ಬಂದರು, ವಿಷಯ ಕೇಳಿ ಮರುದಿನವೇ ನನ್ನನ್ನು ಹೊರಡಿಸಿದರು. ಮದ್ದು ಬಂತೆಂದೇ ಆಕೆ ನಂಬಿದಳು.

ಪುಣಜನೂರಿನಲ್ಲಿ ಬಸ್ಸಿಳಿದು ಕಾಡು ಹೊಕ್ಕೆವು. ಆಕೆ ಬರಿಗಾಲಲ್ಲಿ ಮುಂದೆ, ಮಡಕೆ ಎದೆಗವಚಿಕೊಂಡು ನಾನು ಹಿಂದೆ. ದಾರಿ ಎನ್ನುವುದೇ ನನಗೆ ಕಾಣಲಿಲ್ಲ. ಆಕೆ ಮಾತ್ರ ಲಂಟಾನ ಪೊದೆಗಳ ನಡುವೆ ಮನೆಯ ನಡುಮನೆಯಲ್ಲಿ ಓಡಾಡುವಂತೆ ನಡೆದಳು. ಒಂದು ಕಡೆ ಗಕ್ಕನೆ ನಿಂತಳು. ಬಿದಿರು ಲಟಲಟ ಮುರಿಯುವ ಸದ್ದು. ನನ್ನನ್ನು ಬಂಡೆಯ ಮರೆಗೆ ಎಳೆದು, ತಾನು ಮುಂದೆ ನಿಂತು, ಕೈಮುಗಿದು ಮೆಲ್ಲಗೆ ಹೇಳಿದಳು: "ದೊಡ್ಡೋನೆ, ಮಕ್ಳಿಗೆ ಮದ್ದು ತಕ್ಕೊಂಡು ಓಯ್ತಾ ಇವ್ನಿ. ದಾರಿ ಬುಡಪ್ಪ."

ಎಷ್ಟು ಹೊತ್ತಾಯಿತೋ... ಸದ್ದು ಇಳಿಜಾರಿನತ್ತ ಸರಿಯಿತು. ನಾನು ಆಕೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ.

"ಹೆದ್ರಿಕೆ ಆದ್ರೆ ಹೆದ್ರಿಕೆ ಅಂತ ಯೋಳ್ಬೇಕು ಕೂಸೆ. ಮುಚ್ಚಿಟ್ಕೊಂಡ್ರೆ ಕಾಲು ತಪ್ತದೆ" ಎಂದಳು. ಅವಳು ಹೇಳಿದ್ದು ಕಾಡಿನ ಮಾತು. ನನ್ನ ಎದೆಗೆ ಅದು ಬೇರೆಯಾಗಿಯೇ ನಾಟಿತು. ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಪೋಡು ಸೇರಿದಾಗ ಹೊತ್ತು ಇಳಿದಿತ್ತು. ಒಂದು ಗುಡಿಸಲಿನ ಬಾಗಿಲಲ್ಲಿ ಬೇವಿನ ಸೊಪ್ಪು, ಹಾಲುಮಡ್ಡಿಯ ಹೊಗೆ. ಒಳಗೆ ಆಕೆಯ ಮಗಳು ಮಲಗಿದ್ದಳು. ಹಿಂದಿನ ದಿನದಿಂದ ಮೈಮೇಲೆ ಗುಳ್ಳೆ ಏಳತೊಡಗಿದ್ದವಂತೆ.

"ಇವ್ಳಿಗೂ ಆಕು."

"ಇವಳಿಗೆ ತಡ ಆಯ್ತು ಅವ್ವ."

ಆಕೆ ಅಳಲಿಲ್ಲ. ಮಗಳ ಹಣೆ ಸವರಿ, ಎದ್ದು ಹೊರಗೆ ಬಂದಳು. ದಾಕು ಹಾಕಿಸಿದರೆ ಅಮ್ಮ ಮುನಿದಾಳು ಎಂದು ತಾಯಂದಿರು ಮಕ್ಕಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತಿದ್ದರು. "ನನ್ ಮೊಕ ನೋಡ್ರವ್ವ. ನಿಮ್ಮಕ್ಳಿಗೂ ಇದೇ ಮೊಕ ಬೇಕಾ?" ಎಂದಳು. ಆಮೇಲೆ ಒಂದೊಂದೇ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತೋಳು ಹಿಡಿದುಕೊಟ್ಟಳು. ಕತ್ತಲಾಗುವವರೆಗೂ ಹಾಕಿದೆ. ಕೊಳವೆಗಳೆಲ್ಲ ಬರಿದಾದವು.

ಬೆಳಿಗ್ಗೆ ಬೇರೊಬ್ಬರು ನನ್ನನ್ನು ರಸ್ತೆಗೆ ಮುಟ್ಟಿಸಿದರು. ಆಕೆ ಮಗಳ ಹತ್ತಿರವೇ ಉಳಿದಳು. ಹತ್ತು ದಿನದ ಮೇಲೆ ಮಗಳು ತೀರಿಕೊಂಡ ಸುದ್ದಿ ಬಂತು. ದಾಕು ಹಾಕಿಸಿಕೊಂಡ ಮಕ್ಕಳಲ್ಲಿ ಒಂದಕ್ಕೂ ಏನೂ ಆಗಲಿಲ್ಲ.

ನಾಲ್ಕು ದಿನ ಮೊದಲೇ ಹೋಗಿದ್ದರೆ ಉಳಿಯುತ್ತಿದ್ದಳೇ? ಅಷ್ಟು ಹೊತ್ತಿಗೇ ಸೋಂಕು ಒಳಗೆ ಸೇರಿರುತ್ತಿತ್ತು ಎಂದರು ಡಾಕ್ಟರು. ಇರಬಹುದು. ಇಲ್ಲದೆಯೂ ಇರಬಹುದು...

ಮುಂದಿನ ಬೇಸಿಗೆಯಲ್ಲಿ ಆಕೆ ಸೀಗೆಕಾಯಿ ಮಾರಲು ಪೇಟೆಗೆ ಬಂದವಳು ನನ್ನನ್ನು ನೋಡಲು ಜಗುಲಿಗೂ ಬಂದಳು. ಸೆರಗಿನ ಗಂಟಿನಿಂದ ಎರಡು ಗೆಣಸು ತೆಗೆದು ಕೊಟ್ಟಳು. ಅವನ್ನು ಕೈಯಲ್ಲಿ ಹಿಡಿದು ನಿಲ್ಲಲು ನನ್ನಿಂದ ಆಗಲಿಲ್ಲ.

"ಅವ್ವ, ಮದ್ದು ಮೊದಲ ದಿನವೇ ಇತ್ತು. ನನಗೆ ಕಾಡಿನ ಭಯ. ಸುಳ್ಳು ಹೇಳಿದೆ."

ಆಕೆ ಮಸುಕಿಲ್ಲದ ಕಣ್ಣಿನಿಂದ ನನ್ನನ್ನೇ ನೋಡಿದಳು. ಬೈಯಲಿಲ್ಲ. ಗೆಣಸನ್ನು ವಾಪಸು ತೆಗೆದುಕೊಳ್ಳಲೂ ಇಲ್ಲ. ಬರಿದಾದ ಗಂಟನ್ನು ಮತ್ತೆ ಬಿಗಿದು, ಮೆಟ್ಟಿಲಿಳಿದು ಹೋದಳು. ಆಮೇಲೆ ಎಂದೂ ಬರಲಿಲ್ಲ. ನಾನೂ ಹುಡುಕಿಕೊಂಡು ಹೋಗಲಿಲ್ಲ.

ಹೋದ ವರ್ಷ ಆ ಪೋಡಿನವರೆಗೆ ಜೀಪು ಹೋಗುತ್ತದೆಂದು ತಿಳಿದು ಹೋಗಿಬಂದೆ. ನಾನು ಯಾರೆಂದು ಹೇಳಿದೊಡನೆ ನರೆತ ತಲೆಯವರೊಬ್ಬರು ತೋಳಿನ ಮೇಲಿನ ದಾಕಿನ ಕಲೆ ತೋರಿಸಿ, "ನೀವೇ ಆಕಿದ್ದಂತೆ, ನಮ್ಮವ್ವ ಯೋಳ್ತಿದ್ಲು" ಎಂದು ಕೈಮುಗಿದರು.

"ನನ್ನನ್ನ ಕರ್ಕೊಂಡು ಬಂದವರು ಇನ್ನೊಬ್ಬರಪ್ಪ. ನಿಮ್ಮನ್ನ ತೊಡೆ ಮೇಲೆ ಕೂರಿಸ್ಕೊಂಡಿದ್ದೂ ಅವರೇ" ಎಂದೆ.

"ಯಾರು? ಎಸ್ರೇನು?" ಎಂದು ಕೇಳಿದರು.

ನಾಲ್ಕು ದಿನ ಜಗುಲಿಯಲ್ಲಿ ಕೂರಿಸಿದ್ದೆ. ಹೆಸರು ಕೇಳಿರಲಿಲ್ಲ.