ಎಣಿಸದೆ ಉಳಿದವರ ಊಟ

ಮೊನ್ನೆ ಮಧ್ಯಾಹ್ನ ಮೂಲೆಯ ಕಿರಾಣಿ ಅಂಗಡಿಯಿಂದ, ಇಲ್ಲಿಯ ಮಾತಿನಲ್ಲಿ ಕೋಲ್ಡ್ ಸ್ಟೋರ್‌ನಿಂದ ಮೊಸರು ತೆಗೆದುಕೊಂಡು ನಮ್ಮ ಕಟ್ಟಡದೊಳಗೆ ಕಾಲಿಟ್ಟೆ ನೋಡಿ, ಬೆಚ್ಚಗಿನ ಒಂದು ವಾಸನೆ ಮೂಗಿಗೆ ಬಡಿಯಿತು. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಮರದ ಸೌಟಿನಿಂದ ತಿರುವುವಾಗ ಬರುವ ವಾಸನೆ ಅದು. ನೆಲಮಹಡಿಯ ಫ್ಲ್ಯಾಟಿಗೆ ಹೊಸದಾಗಿ ಆಫ್ರಿಕಾದ ಕಡೆಯ ಹುಡುಗಿಯರು ಬಂದಿದ್ದಾರೆ, ಮಾಲ್‌ನಲ್ಲಿ ಕೆಲಸಕ್ಕೆ. ಉಗಾಲಿ ಮಾಡುತ್ತಿದ್ದರು. ಲಿಫ್ಟ್ ಬಂತು, ಹೋಯಿತು, ಮತ್ತೆ ಬಂತು... ನಾನು ಮೊಸರಿನ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಈ ಕೊಲ್ಲಿ ದ್ವೀಪದೇಶದ ಬುಸೈತೀನಿನ ನಮ್ಮ ಕಟ್ಟಡಕ್ಕೆ ಆ ವಾಸನೆ ಹೊಸದಲ್ಲ. ಕೆಲವು ವರ್ಷಗಳ ಹಿಂದೆ ಅದು ಮೇಲಿನಿಂದ ಕೆಳಕ್ಕೆ ಇಳಿದು ಬರುತ್ತಿತ್ತು. ನಮ್ಮ ತಲೆಯ ಮೇಲಿನ ಫ್ಲ್ಯಾಟಿನಲ್ಲಿ ಧಾರವಾಡದ ಅಕ್ಕ ಇದ್ದರು. ಅವರ ಯಜಮಾನರು ಪೂರ್ವ ಆಫ್ರಿಕಾದ ಒಂದು ಬಂದರಿನಲ್ಲಿ ಬಹಳ ಕಾಲ ಕೆಲಸ ಮಾಡಿ, ಆಮೇಲೆ ಇಲ್ಲಿಯ ಹಿದ್‌ನ ಬಂದರಿಗೆ ಬಂದವರು. ಅಕ್ಕ ಅಲ್ಲಿಂದ ತಂದದ್ದು ಎರಡೇ: ಉಗಾಲಿ ತಿನ್ನುವ ಚಟ ಮತ್ತು ಅರ್ಧ ಮುಗಿದ ಪಿಎಚ್‌ಡಿ. ಉಗಾಲಿಯನ್ನು ಪುಂಡಿಪಲ್ಯೆಯ ಜೊತೆ ಹಚ್ಚಿಕೊಂಡು ತಿನ್ನುತ್ತಿದ್ದರು. ನನಗೂ ತಿನ್ನಿಸಿದರು. ಉಡುಪಿ ಕಡೆಯ ಕುಚ್ಚಲಕ್ಕಿ ಗಂಜಿಯ ನಾಲಿಗೆ ನನ್ನದು, ಮೊದಲ ತುತ್ತಿಗೇ ಮುಖ ಹುಳ್ಳಗಾಯಿತು. ಆಮೇಲೆ ರುಚಿ ಹತ್ತಿತು, ಸುಳ್ಳು ಯಾಕೆ ಹೇಳಲಿ.

ಅವರ ಪಿಎಚ್‌ಡಿ ಎಂತದ್ದು ಎಂದು ನನಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಆಫ್ರಿಕಾದ ಒಂದು ದೇಶದ ಆರ್ಥಿಕ ಇತಿಹಾಸ. ಯಾವ ದೇಶ ಎಂದು ಇಲ್ಲಿ ಬರೆಯುವುದಿಲ್ಲ, ಅಕ್ಕನಿಗೇ ಅದು ಇಷ್ಟವಿರಲಿಲ್ಲ. "ಹೆಸರ ಹೇಳಿದ್ರ ಅವರೊಬ್ಬರದ್ದ ತಪ್ಪು ಅನಸ್ತದ. ಎಲ್ಲಾ ಕಡೆ ಹಿಂಗ ಅದ," ಎನ್ನುತ್ತಿದ್ದರು. ಅವರು ಬೆನ್ನು ಹತ್ತಿದ್ದು ಮೆಕ್ಕೆಜೋಳದ ಬೆಳೆಯ ಅಂಕಿಗಳನ್ನು.

ಒಂದು ಸಂಜೆ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಾ ನನಗೆ ಪಾಠ ಮಾಡಿದರು. ಅಲ್ಲಿಯ ಸಣ್ಣ ರೈತರು ತಾವು ಬೆಳೆದದ್ದನ್ನು ತಾವೇ ತಿನ್ನುತ್ತಾರೆ. ಅದು ಮಾರ್ಕೆಟಿಗೆ ಬರುವುದೇ ಇಲ್ಲ, ಯಾರೂ ತೂಗುವುದಿಲ್ಲ. ಆದರೆ ಸರಕಾರಕ್ಕೆ ಅಂಕಿ ಬೇಕು. ಹಾಗಾಗಿ ಕಚೇರಿಯಲ್ಲಿ ಕೂತವರು, ಇಷ್ಟು ಜನ ಇದ್ದಾರೆ, ಒಬ್ಬೊಬ್ಬರು ಇಷ್ಟು ತಿನ್ನುತ್ತಾರೆ, ಅಂದ ಮೇಲೆ ಇಷ್ಟು ಬೆಳೆದಿರಲೇಬೇಕು ಎಂದು ಬರೆಯುತ್ತಾರೆ. ಮರುವರ್ಷ ಜನ ಹೆಚ್ಚಾದರು ಎಂದು ಬೆಳೆಯನ್ನೂ ಹೆಚ್ಚಿಸುತ್ತಾರೆ. ಆಮೇಲೆ ಎಲ್ಲೋ ದೂರದ ದೊಡ್ಡ ಪಂಡಿತರು ಆ ಅಂಕಿಯನ್ನು ನೋಡಿ, ಆಹಾ, ಜನ ಹೆಚ್ಚಾದ ಹಾಗೆ ಬೆಳೆಯೂ ಹೆಚ್ಚಾಗಿದೆ, ಯಾರಿಗೂ ಹಸಿವಿಲ್ಲ ಎಂದು ಪುಸ್ತಕ ಬರೆಯುತ್ತಾರೆ.

"ಹಾಗಾದ್ರೆ ಬರ ಬಂದ್ರೆ?" ಎಂದು ಕೇಳಿದೆ.

"ಹೊಲದಾಗ ಬರ್ತದ. ಕಾಗದದಾಗ ಬರೂದಿಲ್ಲ."

ನಾನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ನಕ್ಕೆ. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರಾ ಎಂದು ನಮ್ಮಲ್ಲಿ ಹೇಳುವುದುಂಟು. ರೈತರನ್ನು ಕೇಳದೆ ಕಾಗದದಲ್ಲೇ ಅವರ ಹೊಟ್ಟೆ ತುಂಬಿಸಿದವರ ಕಥೆಯೂ ಅದೇ ಅಲ್ಲವೇ? ಅಕ್ಕನಿಗೆ ಆ ಗಾದೆ ಎಷ್ಟು ಹಿಡಿಸಿತೆಂದರೆ, ಫೋನಿನಲ್ಲಿ ತಮ್ಮ ಗೈಡ್‌ಗೂ ಹೇಳಿಬಿಟ್ಟರಂತೆ. ಅವರು ನಗಲಿಲ್ಲವಂತೆ, ಪಾಪ.

ಆ ಪಿಎಚ್‌ಡಿ ಅಕ್ಕನಿಗೆ ಬರೀ ಹವ್ಯಾಸವಾಗಿರಲಿಲ್ಲ. ಯಜಮಾನರ ಕಾಂಟ್ರ್ಯಾಕ್ಟ್ ಮರುವರ್ಷದ ಬೇಸಿಗೆಗೆ ಮುಗಿಯುವುದಿತ್ತು. ಅಷ್ಟರೊಳಗೆ ಪ್ರಬಂಧ ಒಪ್ಪಿಸಿದರೆ ಧಾರವಾಡದ ಒಂದು ಕಾಲೇಜಿನಲ್ಲಿ ಅವರಿಗೆ ಕೆಲಸ ಸಿಗುವುದಿತ್ತು. ಗಂಡನ ಕೆಲಸ ಎಲ್ಲಿಯೋ ಅಲ್ಲಿಗೆ ಪೆಟ್ಟಿಗೆ ಕಟ್ಟುತ್ತಲೇ ಅವರ ಅರ್ಧ ಆಯುಸ್ಸು ಕಳೆದಿತ್ತು. "ಒಮ್ಮೆರ ನನ್ನ ಸಲುವಾಗಿ ಊರು ಬದಲಾಯಿಸಬೇಕ ತಂಗಿ," ಎನ್ನುತ್ತಿದ್ದರು.

ಈಗ ನಮ್ಮ ಊಟದ ವಿಷಯ ಹೇಳಬೇಕು. ನಮ್ಮದು ದೊಡ್ಡ ಸಂಘವೇನಲ್ಲ. ಮುಹರ್ರಕ್ ಕಡೆಯ ಒಂದಷ್ಟು ಕನ್ನಡದ ಮನೆಗಳು ಸೇರಿ ವರ್ಷಕ್ಕೊಮ್ಮೆ ಹಬ್ಬದೂಟ ಮಾಡುತ್ತೇವೆ. ಘಟ್ಟದ ಮೇಲಿನವರಿಗೆ ಯುಗಾದಿ ಒಂದು ದಿನ, ಕರಾವಳಿಯ ನಮಗೆ ಬಿಸು ಹಬ್ಬ ಇನ್ನೊಂದು ದಿನ. ಜಗಳವೇ ಬೇಡ ಎಂದು ನಡುವಿನ ಒಂದು ಶುಕ್ರವಾರ ಹಿಡಿದುಕೊಂಡಿದ್ದೇವೆ. ಅಡುಗೆಯ ಯಜಮಾನಿಕೆ ನನ್ನದು. ಎಷ್ಟು ಅಕ್ಕಿ ಹಾಕಬೇಕು ಎಂಬುದಕ್ಕೆ ನಮ್ಮ ಶಾಸ್ತ್ರ ಸುಲಭ: ಹೋದ ವರ್ಷ ಹಾಕಿದಷ್ಟು, ಮೇಲೆ ಸ್ವಲ್ಪ. ಹೋದ ವರ್ಷವೂ ಅದರ ಹಿಂದಿನ ವರ್ಷದ್ದರ ಮೇಲೆ ಸ್ವಲ್ಪ. ನನಗೆ ಸೌಟು ಒಪ್ಪಿಸಿ ಊರಿಗೆ ಹೋದ ಹಿರಿಯರೊಬ್ಬರು "ಸ್ವಲ್ಪ ಜಾಸ್ತಿಯೇ ಇರಲಿ" ಎಂದಷ್ಟೇ ಹೇಳಿದ್ದರು, ಯಾಕೆ ಎಂದು ನಾನೂ ಕೇಳಿರಲಿಲ್ಲ.

ಅಕ್ಕ ಸುಮ್ಮನಿರುತ್ತಾರಾ? "ಹೋದ ವರ್ಷ ಎಷ್ಟ ಮಂದಿ ಉಂಡ್ರು? ಎಣಿಸಿದವ್ರು ಯಾರು?" ಎಂದು ಶುರು ಮಾಡಿದರು.

"ಅಕ್ಕ, ನಮ್ಮ ಸಾಂಬಾರಿಗೂ ಪಿಎಚ್‌ಡಿ ಬೇಕಾ?" ಎಂದು ನಾನು ಸಿಡುಕಿದೆ.

ಆದರೆ ತಲೆಗೆ ಹುಳ ಬಿಟ್ಟಾಗಿತ್ತು. ಆ ವರ್ಷದ ಊಟಕ್ಕೆ ಅಕ್ಕ ಇಳಕಲ್ ಸೀರೆ ಉಟ್ಟು, ಹಾಲ್‌ನ ಬಾಗಿಲಲ್ಲಿ ಕುರ್ಚಿ ಹಾಕಿ, ಮಡಿಲಲ್ಲಿ ಎರಡು ಬಟ್ಟಲು ಇಟ್ಟುಕೊಂಡು ಕೂತರು. ಊಟಕ್ಕೆ ಕೂರಲು ಒಬ್ಬರು ಒಳಗೆ ಹೋದರೆ ಒಂದು ಹುಣಿಸೆ ಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದರು ಮಾರಾಯ್ರೆ! ಎರಡನೇ ಸಲ ಪಂಕ್ತಿಗೆ ನುಗ್ಗಿದ ನಮ್ಮವರನ್ನು, ಅಂದರೆ ನನ್ನ ಗಂಡನನ್ನು, "ನಿಮ್ಮ ಬೀಜ ಬಿದ್ದದ ರೀ" ಎಂದು ಎಲ್ಲರೆದುರು ತಡೆದರು. ಕೊನೆಗೆ ನೋಡಿದರೆ ನಾವು ಹೇಳಿಕೊಂಡು ತಿರುಗುತ್ತಿದ್ದ ಸಂಖ್ಯೆಗೂ ಬಟ್ಟಲಿನ ಬೀಜಕ್ಕೂ ಅಜಗಜಾಂತರ, ಬೀಜವೇ ಎಷ್ಟೋ ಕಮ್ಮಿ. ನಮ್ಮದು ಬರೀ ಅಂತೆ ಕಂತೆಗಳ ಸಂತೆ ಎಂದು ಸಾಬೀತಾಯಿತು. ಅಕ್ಕನ ಮುಖದಲ್ಲಿ ಗೆದ್ದ ಕಳೆ. ನಾನೂ ಸೋಲೊಪ್ಪಿಕೊಂಡೆ.

ಮರುವರ್ಷ ಬೀಜದ ಲೆಕ್ಕಕ್ಕೆ ಸರಿಯಾಗಿ ಅಕ್ಕಿ ಹಾಕಿದೆವು. ಎಷ್ಟು ಚಂದ ಆಯಿತು ಅಂತೀರಿ! ಎಲ್ಲರಿಗೂ ಹೊಟ್ಟೆ ತುಂಬ ಆಯಿತು, ಪಾತ್ರೆಗಳು ತಳ ಕಂಡವು, ಒಂದಗುಳು ಹಾಳಾಗಲಿಲ್ಲ. ಅಕ್ಕ ಖಾಲಿ ಕಡಾಯಿಯ ಫೋಟೋ ಹೊಡೆದರು. ನಮ್ಮವರು "ಇವತ್ತು ಸಿತ್ರಾಕ್ಕೆ ಹೋಗುವ ಕೆಲಸ ಇಲ್ಲ, ಮಲಗಬಹುದು" ಎಂದು ಮೈಮುರಿದರು. ಪ್ರತಿ ವರ್ಷ ಮಿಕ್ಕದ್ದನ್ನು ಪಿಕಪ್‌ನಲ್ಲಿ ಹಾಕಿಕೊಂಡು ಸಿತ್ರಾದ ಒಂದು ಲೇಬರ್ ಕ್ಯಾಂಪಿಗೆ ಕೊಟ್ಟು ಬರುತ್ತಿದ್ದವರು ಅವರೇ. ಅಲ್ಲಿ ನಮ್ಮ ಕಡೆಯ ಹುಡುಗರು, ಗಂಡಸರು ಇದ್ದಾರೆ, ಶಿಫ್ಟ್ ಕೆಲಸ, ಶುಕ್ರವಾರವೂ ಕಂಪೆನಿ ಬಸ್ಸು ಹತ್ತಬೇಕು. ಹಾಲ್‌ಗೆ ಅವರು ಬಂದದ್ದೇ ಇಲ್ಲ.

ಅಷ್ಟರಲ್ಲಿ ನಮ್ಮವರ ಫೋನು ಬಡಿಯಿತು. ಕ್ಯಾಂಪಿನ ಹಿರಿಯ ಫಿಟ್ಟರ್ ಒಬ್ಬರು.

"ಅಣ್ಣಾ, ಗಾಡಿ ಹೊರಟಿದ್ದಲ್ವಾ? ಶಿಫ್ಟ್ ಬಿಟ್ಟು ಬಂದು ಎಲ್ಲ ಕಾಯ್ತಾ ಇದ್ದಾರೆ. ಮೆಸ್ಸಿನಲ್ಲಿ ಇವತ್ತು ನಮಗೆ ಊಟ ಬೇಡ ಅಂತ ನಿನ್ನೆಯೇ ಹೇಳಿಯಾಗಿದೆ."

ನಮ್ಮವರು ಫೋನನ್ನು ಹಿಡಿದುಕೊಂಡು ನನ್ನ ಮುಖ ನೋಡಿದರು. ನಾನು ಅಕ್ಕನ ಮುಖ ನೋಡಿದೆ. ನಾವು ಅದನ್ನು ಯಾವತ್ತೂ ಮಿಕ್ಕದ್ದು ಎಂದೇ ಕರೆದಿದ್ದೆವು. ಅವರಿಗೆ ಅದು ಹಬ್ಬದೂಟವಾಗಿತ್ತು.

ಆಮೇಲೆ ನಡೆದ ಗಡಿಬಿಡಿ ಕೇಳಬೇಡಿ. "ಹೊರಟಿದೆ, ಸ್ವಲ್ಪ ತಡ" ಎಂದು ನಮ್ಮವರು ಒಂದು ಸುಳ್ಳು ಬಿಟ್ಟರು. ಅಕ್ಕನ ಅಡುಗೆಮನೆಯಲ್ಲಿ ಅನ್ನ, ನನ್ನಲ್ಲಿ ಒಗ್ಗರಣೆ. ಕೋಲ್ಡ್ ಸ್ಟೋರ್‌ನಲ್ಲಿದ್ದ ಲಿಂಬೆ, ಶೇಂಗಾ, ಶ್ಯಾವಿಗೆ ಎಲ್ಲಾ ಬಾಚಿ ತಂದು ಚಿತ್ರಾನ್ನ, ಪಾಯಸ ಮಾಡಿದೆವು. ಅಕ್ಕ ಬೆವರು ಒರೆಸಿಕೊಳ್ಳುತ್ತಾ "ಯವ್ವಾ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ" ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಪಿಕಪ್‌ನ ಮುಂದಿನ ಸೀಟಿನಲ್ಲಿ ಬಿಸಿ ಪಾಯಸದ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಕಾಲ ನಡುವೆ ಇಟ್ಟುಕೊಂಡು ಸಿತ್ರಾದವರೆಗೂ ಕೂತರು, ಇಳಕಲ್ ಸೀರೆಗೆ ಪಾಯಸ ಚೆಲ್ಲಿದರೂ ಅವರಿಗೆ ಗೊತ್ತಾಗಲಿಲ್ಲ.

ಕ್ಯಾಂಪಿನಲ್ಲಿ ಅಕ್ಕನೇ ಸೌಟು ಹಿಡಿದು ಬಡಿಸಿದರು. ತಪ್ಪನ್ನು ಮುಚ್ಚಿಡುವ ಜಾತಿಯೇ ಅಲ್ಲ ಅವರದು. ಹೋದ ವರ್ಷ ತಾವು ಬಾಗಿಲಲ್ಲಿ ಕೂತು ಎಣಿಸಿದ್ದರಿಂದಲೇ ಹೀಗಾಯಿತು ಎಂದು ಎಲ್ಲರೆದುರು ಹೇಳಿಬಿಟ್ಟರು. ಫಿಟ್ಟರಣ್ಣ ತಟ್ಟೆ ಹಿಡಿದುಕೊಂಡು ನಕ್ಕರು.

"ನೀವು ಎಣಿಸುವಾಗ ನಾವು ಡ್ಯೂಟಿಯಲ್ಲಿ ಇದ್ದದ್ದು ಮೇಡಂ. ಆದ್ರೆ ಊಟ ಮಾಡಿದ್ದು ನಾವು ಸಹ ಅಲ್ವಾ?"

ಎಲ್ಲರೂ ನಕ್ಕರು. ಅಕ್ಕನೂ ನಕ್ಕರು, ಆದರೆ ವಾಪಸು ಬರುವಾಗ ಸಮುದ್ರದ ಸೇತುವೆಯ ಮೇಲೆ ಹಳೆಯದೊಂದು ಮಾತು ತೆಗೆದರು. ಆಫ್ರಿಕಾದಲ್ಲಿ ಒಂದು ಸಣ್ಣ ಜಿಲ್ಲೆಯ ಕೃಷಿ ಅಧಿಕಾರಿಯೊಬ್ಬರನ್ನು ಅವರು ಹಿಂದೆ ಭೇಟಿಯಾಗಿದ್ದರಂತೆ. ನಿಮ್ಮ ಅಂಕಿ ಯಾಕೆ ಇಷ್ಟು ದೊಡ್ಡದು ಎಂದು ಕೇಳಿದಾಗ ಆ ಮನುಷ್ಯ, ಗುಡ್ಡದ ಆಚೆಯವರೂ ಕಷ್ಟದ ತಿಂಗಳಲ್ಲಿ ಇಲ್ಲಿಗೇ ಬಂದು ಉಣ್ಣುತ್ತಾರೆ, ಅವರ ಹೆಸರು ನನ್ನ ಪಟ್ಟಿಯಲ್ಲಿಲ್ಲ, ಅದಕ್ಕೆ ಸೇರಿಸಿದ್ದೇನೆ ಎಂದಿದ್ದರಂತೆ. ಅಕ್ಕ ಅದನ್ನು ನೆಪ ಎಂದುಕೊಂಡು, ಜಿಲ್ಲೆಯ ನೌಕರರ ಅಸಡ್ಡೆಯ ಮೇಲೆ ಒಂದು ಇಡೀ ಅಧ್ಯಾಯ ಬರೆದಿದ್ದರು. ಅದೇ ಅವರ ಪ್ರಬಂಧದ ಬೆನ್ನೆಲುಬು.

"ಅವರ ಅಂಕಿನೂ ಖರೆ ಅಲ್ಲ, ನಾ ಬರದದ್ದೂ ಖರೆ ಅಲ್ಲ ತಂಗಿ. ಆ ಅಧ್ಯಾಯ ತಗೀತೀನಿ."

ನನಗೆ ಪಿತ್ತ ನೆತ್ತಿಗೇರಿತು. ಒಪ್ಪಿಸುವ ದಿನ ಹತ್ತಿರ ಬಂದಿದೆ, ಕಾಲೇಜಿನ ಕೆಲಸ ಕಾಯುತ್ತಿದೆ. "ಮಂಡೆ ಸಮ ಉಂಟಾ ಅಕ್ಕ ನಿಮಗೆ? ಆ ಆಫೀಸರ್ ಬಂದು ನಿಮ್ಮ ಪುಸ್ತಕ ಓದ್ತಾರಾ?"

"ಅಂವ ಓದೂದಿಲ್ಲ. ನಾ ಬರದೀನಲ್ಲ, ನನಗ ಗೊತ್ತದ."

ಗೈಡ್ ಹೇಳಿದರು, ಗಂಡ ಹೇಳಿದರು, ನಾನಂತೂ ದಿನಾ ಮೇಲೆ ಹೋಗಿ ಜಗಳವಾಡಿದೆ. ಕೇಳಲಿಲ್ಲ. ಇಲ್ಲಿಯ ಬೇಸಿಗೆ ಬಂತು, ಕಾಂಟ್ರ್ಯಾಕ್ಟ್ ಖಲಾಸ್ ಆಯಿತು, ಪ್ರಬಂಧ ಮುಗಿದಿರಲಿಲ್ಲ. ಕಾಲೇಜಿನ ಕೆಲಸ ಇನ್ಯಾರಿಗೋ ಹೋಯಿತು. ಏರ್‌ಪೋರ್ಟಿನಲ್ಲಿ ನಾನು ಮೂಗು ಒರೆಸಿಕೊಳ್ಳುತ್ತಿದ್ದರೆ ಅಕ್ಕ ಉಳಿದ ಉಗಾಲಿ ಹಿಟ್ಟನ್ನು ನನ್ನ ಕೈಚೀಲಕ್ಕೆ ತುರುಕುತ್ತಿದ್ದರು.

ಊರಿಗೆ ಹೋದ ಮೇಲೂ ಬಿಡದೆ ಬರೆದರು. ಬಹಳ ಕಾಲದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಆ ಕಡೆಯಿಂದ ಬರೀ ನಗು. ಮೌಖಿಕ ಪರೀಕ್ಷೆಯಲ್ಲಿ ದೊಡ್ಡ ಪ್ರೊಫೆಸರರೊಬ್ಬರು, ಹಾಗಾದರೆ ನಿಜವಾದ ಬೆಳೆ ಎಷ್ಟು ಎಂದು ಕೇಳಿದರಂತೆ. "ಇಷ್ಟರಿಂದ ಇಷ್ಟರೊಳಗ ಇದ್ದೀತು, ಅದಕ್ಕಿಂತ ಹೆಚ್ಚು ಗೊತ್ತಿಲ್ರೀ ಸರ ಅಂದೆ. ಅಷ್ಟೂ ಮಂದಿ ಕೈ ಕುಲುಕಿದ್ರು. ಗೊತ್ತಿಲ್ಲ ಅಂತ ಹೇಳಿ ಡಾಕ್ಟರ್ ಆದಾಕಿ ನಾನೊಬ್ಬಾಕಿನ ನೋಡು!" ನಾವಿಬ್ಬರೂ ಫೋನಿನಲ್ಲೇ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಕೆಲಸ ಮತ್ತೆ ಸಿಗಲಿಲ್ಲ. ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತೇನೆ, ಖುಷಿಯಾಗಿದ್ದೇನೆ ಎಂದರು. ಖುಷಿಯಾಗಿಯೇ ಇದ್ದರು, ದನಿಯಲ್ಲಿ ಗೊತ್ತಾಗುತ್ತಿತ್ತು...

ಹೋದ ವರ್ಷ ಜ್ವರ ಬಂದದ್ದೊಂದು ನೆಪ. ಅವರ ಯಜಮಾನರು ಫೋನು ಮಾಡಿದಾಗ ಎಲ್ಲಾ ಮುಗಿದಿತ್ತು.

ಈ ಸಲದ ಊಟದ ದಿನ ಹೊಸದಾಗಿ ಸೇರಿದ ಬೆಂಗಳೂರಿನ ಇಂಜಿನಿಯರ್ ಒಬ್ಬರು ಪಾತ್ರೆ ಎತ್ತಲು ಬಂದಿದ್ದರು. ಹಾಲ್‌ನಲ್ಲಿ ಇನ್ನೂ ಎಲೆ ಹಾಕಿರಲಿಲ್ಲ, ಸಿತ್ರಾದ ಗಾಡಿಗೆ ಮೊದಲ ಪಾತ್ರೆ ಏರುತ್ತಿತ್ತು. "ಫಸ್ಟ್ ಅವರಿಗೆ ಕಳಿಸ್ತೀರಲ್ಲ ಮೇಡಂ, ತುಂಬಾ ಒಳ್ಳೆ ಪದ್ಧತಿ. ಶುರುವಿಂದಲೂ ಹೀಗೇನಾ?" ಎಂದರು.

"ಇಲ್ಲ," ಎಂದೆ. "ನಮ್ಮ ಮೇಲಿನ ಮನೆಯ ಅಕ್ಕ ಒಮ್ಮೆ ಲೆಕ್ಕ ತಪ್ಪಿದ್ರು, ಅಲ್ಲಿಂದ ಹೀಗೆ. ತಪ್ಪಿದ್ದು ಗೊತ್ತಾದಾಗ ಊಟದ್ದೂ ಸರಿ ಮಾಡಿದ್ರು, ಕೈಗೆ ಬಂದಿದ್ದ ಕೆಲಸ ಬಿಟ್ಟು ತಾವು ಬರೆದದ್ದನ್ನೂ ಸರಿ ಮಾಡಿದ್ರು."

"ಹೌದಾ! ಈಗ ಅವರು ಎಲ್ಲಿದ್ದಾರೆ?"

ಪಾಯಸದ ಪಾತ್ರೆಯ ಮುಚ್ಚಳ ಬಿಗಿ ಮಾಡಿ ಅವರ ಕೈಗೆ ಕೊಟ್ಟೆ. ಗಾಡಿ ಹೊರಟ ಮೇಲೆ ಒಳಗೆ ಹೋಗಿ, ಯಾರೂ ಇಲ್ಲದ ಅಡುಗೆಕೋಣೆಯಲ್ಲಿ, ಚೆನ್ನಾಗಿ ಒಮ್ಮೆ ಅತ್ತುಬಿಟ್ಟೆ.