ಸೋರುವ ಡಬ್ಬಿಯ ಕಡೆಯವರು

ಪುಣೆಯ ಹಡಪಸರದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ, ಕೈಯ ಗ್ರೀಸ್ ತೊಳೆದುಕೊಂಡು ನಾನು ಸಂಜೆ ಕಾಲೇಜಿಗೆ ಹೋಗುತ್ತಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಇತಿಹಾಸದಲ್ಲಿ ಬಿ.ಎ., ಕೊನೆಯ ವರ್ಷ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಹತ್ತನೆಯ ತರಗತಿ ದಾಟಿದವರೇ ಇರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಎರಡೂ ಬಣಗಳಿಗಿದ್ದ ಅನುಕೂಲಗಳ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ಎಲ್ಲರ ಹತ್ತಿರವೂ ಒಂದೇ ಗೈಡು. ಜರ್ಮನಿ ಮೊದಲೇ ತಯಾರಾಗಿತ್ತು, ಯುರೋಪಿನ ನಡುವೆ ಇದ್ದುದರಿಂದ ಸೈನ್ಯವನ್ನು ಬೇಗ ಸಾಗಿಸಬಹುದಿತ್ತು. ಮಿತ್ರರಾಷ್ಟ್ರಗಳ ಕೈಯಲ್ಲಿ ಸಮುದ್ರ, ಎಣ್ಣೆ, ಅಮೆರಿಕದ ಕಾರ್ಖಾನೆಗಳು. ಎಲ್ಲರೂ ಅದನ್ನೇ ಇಳಿಸಿದರು. ನಾನು ಒಂದು ಪ್ಯಾರಾ ಹೆಚ್ಚು ಬರೆದೆ. ಅದು ನಮ್ಮ ವಠಾರದ, ಅಂದರೆ ಚಾಳಿನ, ಅಜ್ಜನಿಂದ ಕೇಳಿದ್ದು. ಬೆಳಗಾವಿ ಕಡೆಯವರು, ಆ ಯುದ್ಧದಲ್ಲಿ ಬ್ರಿಟಿಷರ ಸೈನ್ಯ ಸೇರಿ ಆಫ್ರಿಕಾದ ಮರುಭೂಮಿಯಲ್ಲಿ ಲಾರಿ ಓಡಿಸಿದವರು.

"ನಮ್ಮ ಪೆಟ್ರೋಲ್ ಡಬ್ಬಿ ತಗಡಿಂದು, ತಮ್ಮಾ. ಲಾರಿ ಕುಲುಕಿದ್ರ ಸೋರ್ತಿತ್ತು. ಜರ್ಮನ್‌ರದು ಡಬ್ಬಿ ಅಂದ್ರ ಡಬ್ಬಿ! ಆದ್ರ ಅದರಾಗ ಹಾಕಾಕ ಅವರಿಗೆ ಪೆಟ್ರೋಲ್ ಸಾಲ್ತಿರ್ಲಿಲ್ಲ. ನಮ್ದು ಅರ್ಧಾ ಸೋರಿದ್ರೂ ಮತ್ತ ಬರ್ತಿತ್ತು."

ಕೊನೆಗೆ ಆಧಾರ ಗ್ರಂಥಗಳ ಪಟ್ಟಿ. ಅಲ್ಲಿ 'ಚಾಳಿನ ಅಜ್ಜ' ಎಂದು ಬರೆಯಲು ನಾಚಿಕೆಯಾಯಿತು. ಇಂಗ್ಲಿಷಿನಲ್ಲಿ ಒಂದು ಪುಸ್ತಕದ ಹೆಸರನ್ನು ನಾನೇ ಕಟ್ಟಿ ಬರೆದೆ.

ಇತಿಹಾಸದ ಮೇಡಂ ಆ ಪುಸ್ತಕವನ್ನು ಲೈಬ್ರರಿಯಲ್ಲಿ ಹುಡುಕಿಸಿದ್ದರು; ಸಿಕ್ಕಿರಲಿಲ್ಲ. "ಯಾರ ಕೈಯಲ್ಲಿ ಬರೆಸಿದ್ದು?" ಎಂದು ಮರಾಠಿಯಲ್ಲಿ ಕೇಳಿದರು. ಇದ್ದದ್ದು ಹೇಳಿದೆ.

"ನಿನ್ನೆ ಪುಸ್ತಕ, ಇವತ್ತು ಅಜ್ಜ. ನಾಳೆ ಯಾರು?" ಸೋಮವಾರದೊಳಗೆ ರುಜುವಾತು ತರದಿದ್ದರೆ ಪ್ರಬಂಧಕ್ಕೆ ಸೊನ್ನೆ, ಪರೀಕ್ಷೆಗೂ ಕೂಡುವಂತಿಲ್ಲ ಎಂದರು.

ದಾರಿಯುದ್ದಕ್ಕೂ ನನಗೇ ಅಜ್ಜನ ಮೇಲೆ ಸಂಶಯ. ಒಮ್ಮೆ ಮರಳಿನಲ್ಲಿ ಮೂರು ಲಾರಿ ಹೂತವು ಎನ್ನುತ್ತಿದ್ದರು, ಇನ್ನೊಮ್ಮೆ ಏಳು. ಆಫ್ರಿಕಾ ನೋಡಿದ್ದಾದರೂ ನಿಜವೇ? ಚಾಳಿಗೆ ಬಂದು ಅಜ್ಜನಿಗೆ ನಡೆದದ್ದೆಲ್ಲ ಹೇಳಿ, ಸೈನ್ಯ ಬಿಟ್ಟಾಗ ಅವರಿಗೆ ಕೊಟ್ಟಿದ್ದ ಸೇವಾ ಪುಸ್ತಕ ಎರಡು ದಿನಕ್ಕೆ ಬೇಕಿತ್ತು ಎಂದೆ.

ಅಜ್ಜ ಕಣ್ಣು ಕಿರಿದು ಮಾಡಿದರು. "ಪೆನ್ಶನ್ ಮಾಡಿಸ್ತೀನಂತ ಒಬ್ಬಾಂವ ಒಯ್ದು ಆರು ತಿಂಗ್ಳು ಕೊಡ್ಲಿಲ್ಲ. ನೀ ಅಂತೂ ಇಲ್ಲದ ಪುಸ್ತಕದ ಹೆಸರ ಬರದಾಂವ. ನಿನ್ನ ಕೈಯಾಗ ಕೊಡ್ಲ್ಯಾ?"

"ಹಂಗಾರ ನೀವಽ ಬರ್ರಿ, ಅಜ್ಜಾರ."

ಸೋಮವಾರ ಕಾಲೇಜಿಗೆ ಬಂದರು. ಕರಿ ಟೋಪಿ, ಅಂಗಿಯ ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಪುಸ್ತಕ. ಮೇಡಂ ಪುಸ್ತಕ ಮುಟ್ಟುವ ಮೊದಲೇ ಕೇಳಿದರು: "ಆಜೋಬಾ, ಆ ಜರ್ಮನ್ ಡಬ್ಬಿಗೆ ಹಿಡಿಕೆ ಎಷ್ಟು?"

"ಮೂರು," ಎಂದರು ಅಜ್ಜ ಮರಾಠಿಯಲ್ಲೇ. "ಒಬ್ಬನಾದರೆ ನಡುವಿನದು. ಇಬ್ಬರಾದರೆ ಆಚೆ ಈಚೆಯವು."

ಮೇಡಂ ಹೌದೆಂಬಂತೆ ತಲೆಯಾಡಿಸಿ, ಆಮೇಲೆ ಪುಸ್ತಕ ತೆರೆದರು. ಡ್ರೈವರ್ ಎಂದಿತ್ತು, ಠಸ್ಸೆ ಇತ್ತು. ನಾನು ಕಟ್ಟಿದ ಹೆಸರನ್ನು ಮೇಡಂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಅದರ ಪಕ್ಕದಲ್ಲಿ ಅಜ್ಜನ ಹೆಸರು, ಸೈನ್ಯದ ನಂಬರು, ಚಾಳಿನ ವಿಳಾಸ ನನ್ನಿಂದಲೇ ಬರೆಸಿದರು. ಸುಳ್ಳಿಗೆ ಐದು ಅಂಕ ಕಳೆದು ಸಹಿ ಹಾಕಿದರು. ನಾನು ಪರೀಕ್ಷೆಗೆ ಕೂತದ್ದು, ಪದವೀಧರನಾದದ್ದು ಆ ಸಹಿಯಿಂದ.

ಬಸ್ ಸ್ಟಾಪಿನಲ್ಲಿ ಅಜ್ಜ ಬೆರಳು ಒದ್ದೆ ಮಾಡಿಕೊಂಡು ಪುಸ್ತಕದ ಒಂದೊಂದೇ ಹಾಳೆ ತಿರುವಿದರು.

"ಎಲ್ಲಾ ಅದಾವೇನ್ರಿ?"

"ಅದಾವ. ನನ್ನ ಹೆಸರ ಸರಿ ಬರದೀಯಿಲ್ಲೋ? ತೋರ್ಸು."

"ಪ್ರಬಂಧ ಮೇಡಂ ಕಡೆ ಅದರೀ."

"ಅಂದ್ರ ನಿನ್ನ ಮಾತ ನಂಬಬೇಕಾತು," ಎಂದು ಚೀಲವನ್ನು ಮತ್ತೆ ಅಂಗಿಯೊಳಗೆ ತುರುಕಿ, ಬಸ್ಸಿನ ದಾರಿ ನೋಡತೊಡಗಿದರು.