ಹೊಳೆಗೆ ಹಾರದ ಸೊಸೆ

ಅಮ್ಮ ಆ ಸಿನಿಮಾವನ್ನು ಕೊನೆಯವರೆಗೆ ನೋಡುತ್ತಿರಲಿಲ್ಲ. ಸೊಸೆ ಹೊಸ್ತಿಲು ದಾಟಿ ಹೊಳೆಯ ಕಡೆ ಹೊರಡುವುದೇ ತಡ, "ಒಲೆ ಮೇಲೆ ಹಾಲಿಟ್ಟಿದ್ದೀನಿ" ಎಂದು ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಒಲೆಯ ಮೇಲೆ ಹಾಲು ಇರುತ್ತಿರಲಿಲ್ಲ.

ಅದು ಕಪ್ಪು ಬಿಳುಪಿನ ಕಾಲದ ಕನ್ನಡ ಸಿನಿಮಾ. ನಮ್ಮಪ್ಪ ಕರ್ನಾಟಕದಿಂದ ಕಾಶಿಗೆ ಬರುವವರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವ ಪುರೋಹಿತರು. ಸೋನಾರ್‌ಪುರದ ಹಿಂದಿನ ಗಲ್ಲಿಯಲ್ಲಿ ಮನೆ. ಮಹಡಿಯ ಕೋಣೆಗಳಲ್ಲಿ ಯಾತ್ರಿಕರು ಇಳಿದುಕೊಳ್ಳುತ್ತಿದ್ದರು. ಅವರಲ್ಲೇ ಯಾರೋ ಪುಣ್ಯಾತ್ಮರು, "ಇಲ್ಲಿ ನಿಮಗೆ ಕನ್ನಡ ಕಿವಿಗೆ ಬೀಳೋದೇ ಅಪರೂಪ, ಇಟ್ಟುಕೊಳ್ಳಿ" ಎಂದು ಹಳೆಯ ಚಿತ್ರಗಳ ಕೆಲವು ಸಿ.ಡಿ. ಕೊಟ್ಟುಹೋಗಿದ್ದರು. ಅವುಗಳಲ್ಲಿ ಇದೂ ಒಂದು. ಗಂಡ ದೂರದೂರಿನಲ್ಲಿ ಕೆಲಸಕ್ಕಿದ್ದಾನೆ. ಮನೆಯಲ್ಲಿ ಅತ್ತೆಯ ಬಳೆ ಕಾಣೆಯಾಗುತ್ತದೆ. ಸೊಸೆ ಅದನ್ನು ತವರಿಗೆ ಸಾಗಿಸಿದಳೆಂದು ಮಾವ ಅವಳನ್ನು ಹೊರಗೆ ಹಾಕುತ್ತಾನೆ. ಅವಳು ಹೊಳೆಗೆ ಹಾರುತ್ತಾಳೆ. ಆಮೇಲೆ ಬಳೆ ಅಕ್ಕಿಯ ಡಬ್ಬದಲ್ಲಿ ಸಿಗುತ್ತದೆ. ಎಲ್ಲರೂ ಅಳುತ್ತಾರೆ, ಮುಗಿಯಿತು.

ನಾನಾಗ ಎಂ.ಎ. ಓದುತ್ತಿದ್ದೆ. ಹಿಂದಿಯಲ್ಲಿ ಹಳೆಯ ಚಿತ್ರಗಳನ್ನು ದೊಡ್ಡ ದೊಡ್ಡ ನಟರನ್ನು ಹಾಕಿಕೊಂಡು ಮತ್ತೆ ತೆಗೆಯುವ ಗಾಳಿ ಬೀಸಿದ್ದ ಕಾಲ. ಇಂಟರ್, ಅಂದರೆ ನಮ್ಮ ಪಿ.ಯು.ಸಿ., ಓದುತ್ತಿದ್ದ ನನ್ನ ತಮ್ಮ ಅಂಥದೊಂದನ್ನು ನೋಡಿಕೊಂಡು ಮುಖ ಊದಿಸಿಕೊಂಡು ಬಂದ. ಅವನು ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕನ್ನಡದಲ್ಲಿ ಶುರುಮಾಡಿದ ಮಾತು ಹಿಂದಿಯಲ್ಲಿ ಮುಗಿಯುತ್ತಿತ್ತು.

"ಹಳೇದೇ ಚೆನ್ನಾಗಿತ್ತು. ಯಾಕೆ ಮತ್ತೆ ಮಾಡ್ತಾರೋ, ಬೇಕಾರ್ ಮೇ!"

"ಚೆನ್ನಾಗಿರೋದನ್ನ ಮತ್ತೆ ಯಾಕೆ ಮಾಡಬೇಕು?" ಎಂದೆ ನಾನು. "ಎಲ್ಲ ಸರಿಯಾಗಿದ್ದು ಎಲ್ಲೋ ಒಂದು ಕಡೆ ಕೆಟ್ಟಿರುತ್ತಲ್ಲ, ಅಂಥದ್ದನ್ನ ಮಾಡಬೇಕು. ನಮ್ಮ ಮನೆ ಸಿ.ಡಿ.ಯಲ್ಲಿರೋ ಆ ಸೊಸೆ ಚಿತ್ರ ನೋಡು. ಕೊನೆಯ ಹತ್ತು ನಿಮಿಷ ಬದಲಾಯಿಸಿದರೆ ಸಾಕು."

ಅಮ್ಮ ಒಳಗೆ ಹಪ್ಪಳ ಸುಡುತ್ತಿದ್ದಳು. ಅಲ್ಲಿಂದಲೇ ಅಂದಳು, "ಬರೀ ಮಾತಾಡ್ತೀಯೋ, ಮಾಡ್ತೀಯೋ?"

ಅವಳು ತಮಾಷೆಗೆ ಅಂದಿರಬಹುದು ಎಂದುಕೊಂಡು ಒಳಗೆ ಹೋಗಿ ನೋಡಿದೆ. ಮುಖದಲ್ಲಿ ತಮಾಷೆ ಇರಲಿಲ್ಲ. ಮಾಡಲೇಬೇಕು ಎಂದು ನಾನು ನಿಶ್ಚಯಿಸಿದ್ದು ಆಗಲೇ.

ಸೋನಾರ್‌ಪುರದಲ್ಲಿ ಮದುವೆಗಳಿಗೆ ವಿಡಿಯೋ ತೆಗೆಯುವವನೊಬ್ಬನ ಅಂಗಡಿ ಇತ್ತು. ಧನುರ್ಮಾಸ ಹತ್ತಿರ ಬಂದಿತ್ತು. ಇಲ್ಲಿಯವರು ಅದನ್ನು ಖರಮಾಸ ಎನ್ನುತ್ತಾರೆ. ಆ ತಿಂಗಳು ಯಾರೂ ಮದುವೆ ಮಾಡುವುದಿಲ್ಲ. ಅವನ ಕ್ಯಾಮೆರಾ ಮೂಲೆ ಸೇರುವ ಕಾಲ. ನಾನು ಹೋಗಿ ಕಥೆ ಹೇಳಿದೆ. ಭಾಷೆ ತಿಳಿಯದಿದ್ದರೆ ಪರವಾಗಿಲ್ಲವೇ ಎಂದು ಕೇಳಿದ. "ಮದುವೆ ಮಂತ್ರ ನಿಮಗೆ ತಿಳಿಯುತ್ತಾ?" ಎಂದೆ. ಅವನು ಜೋರಾಗಿ ನಕ್ಕು, ಸುಮ್ಮನೆ ಕೂರುವುದಕ್ಕಿಂತ ಇದೇ ವಾಸಿ ಎಂದು ಒಪ್ಪಿಕೊಂಡ.

ಸೊಸೆಯ ಪಾತ್ರಕ್ಕೆ ನಾನು ಗೊತ್ತುಮಾಡಿದ್ದು ಪಕ್ಕದ ಗಲ್ಲಿಯ ಹುಡುಗಿಯನ್ನು. ಅವರದೂ ಕನ್ನಡದ ಪುರೋಹಿತರ ಮನೆ. ಹುಡುಗಿ ಕುಣಿದಾಡುತ್ತಾ ಒಪ್ಪಿದಳು, ಮಾತುಗಳನ್ನೂ ಬಾಯಿಪಾಠ ಮಾಡಿದಳು. ಇನ್ನೇನು ಚಿತ್ರೀಕರಣ ಶುರುವಾಗಬೇಕು, ಅವಳ ಅಜ್ಜಿ ನಮ್ಮ ಮನೆಗೇ ಬಂದರು.

"ಮದುವೆಯಾಗಬೇಕಾದ ಹುಡುಗಿ ಕಣಮ್ಮ. ಗಂಗೆಗೆ ಹಾರೋ ಪಾತ್ರ ಬೇಡ."

"ಅಜ್ಜಿ, ನಮ್ಮದರಲ್ಲಿ ಅವಳು ಹಾರೋದಿಲ್ಲ. ಅದಕ್ಕೇ ಮತ್ತೆ ಮಾಡ್ತಿರೋದು."

"ಹಾರದೇ ಇದ್ದರೆ ಇನ್ನೂ ಬೇಡ. ಮಾವನ ಮನೆ ಬಿಟ್ಟು ಹೋದವಳು ಅಂತಾರೆ."

ಅಜ್ಜಿ ಕಾಫಿ ಕುಡಿದು ಹೋದರು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಅಮ್ಮ ಲೋಟಗಳನ್ನು ಎತ್ತಿಕೊಳ್ಳುತ್ತಾ ಹೇಳಿದಳು, "ನಾನು ಮಾಡ್ತೀನಿ."

"ನೀನಾ? ಸೊಸೆಯಾಗಿಯಾ?"

"ಯಾಕೆ, ನಾನು ಈ ಮನೆ ಸೊಸೆ ಅಲ್ಲವೇನೆ? ಇಪ್ಪತ್ತು ವರ್ಷದವಳನ್ನು ಮಾತ್ರ ಮನೆಯಿಂದ ಹೊರಗೆ ಹಾಕ್ತಾರೆ ಅಂತ ಯಾರು ಹೇಳಿದ್ದು?"

ಕಥೆಯೇ ಮೇಲೆ ಕೆಳಗಾಯಿತು. ಹೊಸ ಸೊಸೆಯಾಗಿದ್ದವಳು ತಲೆ ನರೆಯುತ್ತಿರುವ ಸೊಸೆಯಾದಳು. ಅತ್ತೆಯನ್ನು ಹಾಸಿಗೆ ಹಿಡಿದವಳನ್ನಾಗಿ ಮಾಡಿ ಪರದೆಯಾಚೆಯ ಕೆಮ್ಮಿನಲ್ಲೇ ಮುಗಿಸಿದೆ, ಕೆಮ್ಮು ನನ್ನದು. ತಮ್ಮ ಮೈದುನನಾದ. ಮಾವನ ಪಾತ್ರಕ್ಕೆ ಅಪ್ಪನಲ್ಲದೆ ಇನ್ನು ಯಾರೂ ಉಳಿದಿರಲಿಲ್ಲ.

ಅಪ್ಪ ಮೊದಲು ಸಾರಾಸಗಟಾಗಿ ಇಲ್ಲ ಎಂದರು. "ನಾನು ಘಾಟಿನಲ್ಲಿ ಕೂತು ಜನರಿಗೆ ಪಿಂಡ ಹಾಕಿಸೋನು. ವೇಷ ಹಾಕಿಕೊಂಡು ಕುಣಿದರೆ ಯಾತ್ರಿಕರು ಏನಂದಾರು?"

"ವೇಷ ಬೇಡ ಅಪ್ಪ. ಈಗ ಉಟ್ಟಿರೋ ಪಂಚೆಯೇ ಸಾಕು. ಕುಣಿಯೋದೂ ಇಲ್ಲ. ಬೈಯೋದು ಅಷ್ಟೇ."

ಬೈಯುವುದು ಅಷ್ಟೇ ಎಂದದ್ದಕ್ಕೋ ಏನೋ, ಎರಡು ದಿನ ಬಿಟ್ಟು ಒಪ್ಪಿದರು.

ಬೆಳಗಿನ ಹೊತ್ತು ಅಡುಗೆ, ಯಾತ್ರಿಕರ ಊಟ ಮುಗಿದ ಮೇಲೆ ನಾನೂ ಅಮ್ಮನೂ ತಾರಸಿಗೆ ಹೋಗುತ್ತಿದ್ದೆವು. ಚಳಿಗಾಲದ ಬಿಸಿಲಿಗೆ ಬೆನ್ನು ಕೊಟ್ಟು ಅವಳು ಮಾತುಗಳನ್ನು ಗಟ್ಟಿ ಮಾಡುತ್ತಿದ್ದಳು. ಕೋತಿ ಬಂದರೆ ಓಡಿಸುವುದಕ್ಕೆ ಪಕ್ಕದಲ್ಲಿ ಒಂದು ಕೋಲು. ಕೊನೆಯ ದೃಶ್ಯವನ್ನು ನಾನು ಹೀಗೆ ಬರೆದಿದ್ದೆ: ಸೊಸೆ ಮೆಟ್ಟಿಲಿಳಿದು ನೀರಿನ ಹತ್ತಿರ ಹೋಗುವಾಗ ಬಳೆ ಸಿಕ್ಕ ಸುದ್ದಿ ಹಿಡಿದು ಮೈದುನ ಓಡಿಬರುತ್ತಾನೆ, ಕ್ಷಮೆ ಕೇಳುತ್ತಾನೆ, ಇಬ್ಬರೂ ಮನೆಗೆ ಹಿಂದಿರುಗುತ್ತಾರೆ.

ಅಮ್ಮ ಅದನ್ನು ಕೊನೆಯವರೆಗೆ ಓದಿದಳು. ಆಮೇಲೆ ಕೇಳಿದಳು, "ಬಳೆ ಸಿಗದೇ ಇದ್ದಿದ್ದರೆ?"

ನಾನು ಪೆನ್ನಿನ ಮುಚ್ಚಳ ಮುಚ್ಚಿದೆ.

"ಈ ಸಿನಿಮಾನ ನಾನು ಮೊದಲು ನೋಡಿದ್ದು ನಮ್ಮೂರ ಟೆಂಟಿನಲ್ಲಿ" ಎಂದಳು. "ನನ್ನ ಮದುವೆ ನಿಶ್ಚಯವಾಗಿತ್ತು. ನಮ್ಮಜ್ಜಿ ಬೇಕು ಅಂತಲೇ ಕರೆದುಕೊಂಡು ಹೋಗಿದ್ದರು. ಬರುವಾಗ ದಾರಿಯಲ್ಲಿ, 'ನೋಡಿದೆಯಾ, ಹೆಣ್ಣು ಅಂದರೆ ಹಾಗಿರಬೇಕು, ಪ್ರಾಣ ಬಿಟ್ಟಳು, ಮಾನ ಬಿಡಲಿಲ್ಲ' ಅಂದರು. ಆಮೇಲೆ ಮದುವೆಯಾಗಿ ಬಂದದ್ದು ಎಲ್ಲಿಗೆ? ಬಾಗಿಲು ತೆಗೆದರೆ ಹೊಳೆ ಇರೋ ಊರಿಗೆ. ಭಾಷೆ ಬಾರದು, ಯಾರ ಪರಿಚಯವೂ ಇಲ್ಲ. ನಿಮ್ಮಜ್ಜಿ ಬದುಕಿದ್ದ ಕಾಲದಲ್ಲಿ ಈ ಮನೆ ಹೇಗಿತ್ತು ಅಂತ ನಿನಗೆ ಗೊತ್ತಿಲ್ಲ. ಒಂದೆರಡು ಸಲ ಮೆಟ್ಟಿಲ ಮೇಲೆ ಕೂತಾಗ ಆ ಸಿನಿಮಾ ನೆನಪಾಗಿತ್ತು ಕಣೆ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಂಡು ಕಾಗದವನ್ನು ನನ್ನ ಮುಂದೆ ತಳ್ಳಿದಳು.

"ಅಳೋದಕ್ಕೆ ಹೇಳಿದ್ದಲ್ಲ. ಇದನ್ನ ತಿದ್ದು. ಬಳೆ ಸಿಗಲಿ, ಬಿಡಲಿ. ಯಾರೋ ಬಂದು ಕರೆಯಲಿ, ಬಿಡಲಿ. ಅವಳು ಸಾಯಬಾರದು. ದೋಣಿ ಹತ್ತಿ ಆಚೆ ದಡಕ್ಕೆ ಹೋಗಲಿ."

ಹಾಗೆಯೇ ತಿದ್ದಿದೆ.

ಚಿತ್ರೀಕರಣ ಶುರುವಾಯಿತು. ಕರೆಂಟು ಹೋದಾಗ ನಿಲ್ಲುತ್ತಿತ್ತು, ಬಂದಾಗ ನಡೆಯುತ್ತಿತ್ತು. ತಮ್ಮ "ಅತ್ತಿಗೆ, ನೀವು ಹೋಗಬೇಡಿ" ಎನ್ನುವ ಬದಲು "ಅತ್ತಿಗೆ, ನೀವು ಹೋಗ್ಬೇಡಿಯೇ" ಎಂದು ಹಿಂದಿಯ ಬಾಲ ಅಂಟಿಸುತ್ತಿದ್ದ. ಅಮ್ಮ ಪಟ್ಟುಬಿಡದೆ ಹೇಳಿಕೊಟ್ಟಳು. ಮಾತು ಸರಿಯಾಗುವ ತನಕ ತಿಂಡಿ ಇಲ್ಲ ಎಂದಳು. ಸರಿಯಾಯಿತು.

ನಿಜವಾದ ತೊಡಕು ಬಂದದ್ದು ಅಪ್ಪನಿಂದ. "ಈ ಮನೆ ಬಿಟ್ಟು ತೊಲಗು, ಮತ್ತೆ ಮುಖ ತೋರಿಸಬೇಡ" ಎಂದು ಹೇಳಬೇಕಿತ್ತು. ಅಪ್ಪ ಕೈಯೆತ್ತಿದರು, ಬಾಯಿ ತೆರೆದರು, ಮಾತು ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದರು, ಆಗಲೂ ಇಲ್ಲ.

"ನನ್ನಿಂದಾಗಲ್ಲ" ಎಂದು ಕೂತುಬಿಟ್ಟರು. "ಅಸ್ತು ದೇವತೆಗಳು ಓಡಾಡ್ತಿರ್ತಾರೆ. ಇಂಥ ಅಪಶಕುನದ ಮಾತನ್ನ ಇವಳ ಮುಖ ನೋಡಿಕೊಂಡು ಹೇಗೆ ಹೇಳಲಿ?"

"ನಾಟಕ ತಾನೇ, ಅನ್ನಿ" ಎಂದಳು ಅಮ್ಮ.

"ದೇವತೆಗಳಿಗೆ ನಾಟಕ ಅಂತ ಯಾರು ಹೇಳ್ತಾರೆ?"

ಕೊನೆಗೆ ಒಂದು ಉಪಾಯ ಮಾಡಿದೆವು. ಅಮ್ಮನನ್ನು ಅಡುಗೆಮನೆಗೆ ಕಳಿಸಿ, ಅಪ್ಪನನ್ನು ಬರಿಯ ಬಾಗಿಲಿನ ಮುಂದೆ ನಿಲ್ಲಿಸಿದೆವು. ಅಪ್ಪ ಬಾಗಿಲಿಗೆ ಬೈದರು. ಆಮೇಲೆ ಆಚಮನ ಮಾಡಿ ಬಂದರು. ಅಮ್ಮ ಹೊಸ್ತಿಲು ದಾಟುವುದನ್ನು ಬೇರೆಯಾಗಿ ತೆಗೆದೆವು.

ಕೊನೆಯ ದೃಶ್ಯಕ್ಕೆ ಬೆಳಗ್ಗೆ ಘಾಟಿಗೆ ಹೋದೆವು. ದಟ್ಟ ಮಂಜು. ಆಚೆ ದಡದ ಮರಳು ಹಾಗಿರಲಿ, ಹತ್ತು ಮಾರು ದೂರದ ದೋಣಿಯೂ ಮಸುಕು. ಚಳಿಗಾಲದಲ್ಲಿ ಎಲ್ಲಿಂದಲೋ ಬರುವ ಬಿಳಿ ಹಕ್ಕಿಗಳು ನೀರಿನ ಮೇಲೆ ಕೂಗಾಡುತ್ತಿದ್ದವು. ಹಳೇ ಶಾಲು ಹೊದ್ದು, ಕೈಯಲ್ಲೊಂದು ಗಂಟು ಹಿಡಿದು ಅಮ್ಮ ಮೆಟ್ಟಿಲಿಳಿದಳು. ನೀರಿನಲ್ಲಿ ಮುಖ ತೊಳೆದಳು. ಕಟ್ಟೆಗೆ ಕಟ್ಟಿದ್ದ ದೋಣಿ ಹತ್ತಿ ಕೂತಳು. ಅಷ್ಟಕ್ಕೇ ನಿಲ್ಲಿಸುವುದು ಎಂದು ನಾವು ಮಾತಾಡಿಕೊಂಡಿದ್ದೆವು.

ದೋಣಿಯವನಿಗೆ ಅದನ್ನು ಹೇಳಲು ಮರೆತಿದ್ದೆವು. ಅಮ್ಮ ಪಾತ್ರದಲ್ಲಿ ಮುಳುಗಿ, "ಭೈಯಾ, ಉಸ್ ಪಾರ್ ಚಲೋ" ಎಂದಳು, ಆಚೆ ದಡಕ್ಕೆ ನಡಿ ಎಂದು. ಅವನು ಹಗ್ಗ ಬಿಚ್ಚಿ ಹುಟ್ಟು ಹಾಕಿಯೇಬಿಟ್ಟ. ಅಮ್ಮ ತಿರುಗಿ ನೋಡಲಿಲ್ಲ, ನಿಲ್ಲಿಸು ಎನ್ನಲಿಲ್ಲ. ನೋಡುನೋಡುತ್ತಿದ್ದಂತೆ ದೋಣಿಯೂ ಅವಳೂ ಮಂಜಿನಲ್ಲಿ ಕರಗಿಹೋದರು.

ಮೇಲಿನ ಮೆಟ್ಟಿಲಲ್ಲಿ ನೋಡುತ್ತಾ ನಿಂತಿದ್ದ ಅಪ್ಪ ಪಂಚೆ ಎತ್ತಿಕಟ್ಟಿ ಕೆಳಗೆ ಓಡಿಬಂದರು.

"ಇವಳೇ! ಏ ಇವಳೇ! ಎಲ್ಲಿಗೆ ಹೋಗ್ತಿದ್ದೀಯೇ? ವಾಪಸ್ ಬಾರೇ!"

ಅಮ್ಮನನ್ನು ಅಪ್ಪ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಯಾವಾಗಲೂ 'ಇವಳೇ'. ಆದರೆ ಆ ದಿನ ಆ ಪದದಲ್ಲಿದ್ದ ನಡುಕವನ್ನು ಹಿಂದೆಂದೂ ಕೇಳಿರಲಿಲ್ಲ. ಮೊಳಕಾಲಿನವರೆಗೆ ನೀರಿಗಿಳಿದು ಕೂಗುತ್ತಲೇ ಇದ್ದರು. ತಮ್ಮ ಅವರ ರಟ್ಟೆ ಹಿಡಿದುಕೊಂಡ. ವಿಡಿಯೋದವನು ಕ್ಯಾಮೆರಾ ನಿಲ್ಲಿಸಿರಲಿಲ್ಲ.

ಅಮ್ಮ ಎಷ್ಟೋ ಹೊತ್ತಿನ ಮೇಲೆ ಬಂದಳು, ಕೆನ್ನೆ ಚಳಿಗೆ ಕೆಂಪಾಗಿತ್ತು. "ಇಷ್ಟು ವರ್ಷವಾಯಿತು ಈ ಊರಿಗೆ ಬಂದು, ಒಬ್ಬಳೇ ದೋಣಿಯಲ್ಲಿ ಕೂತಿರಲಿಲ್ಲ" ಎಂದಳು. ಅಪ್ಪ ತಾವು ಹೊದ್ದಿದ್ದ ಒಣ ಶಾಲನ್ನು ಅವಳಿಗೆ ಹೊದಿಸಿ, ಒದ್ದೆ ಪಂಚೆಯಲ್ಲೇ ಮುಂದೆ ನಡೆದರು.

ವಿಡಿಯೋದವನ ಅಂಗಡಿಯಲ್ಲಿ ಕೂತು ದೃಶ್ಯಗಳನ್ನು ಜೋಡಿಸುವಾಗ ನಾನು ಕಾವಲು ಕೂರಬೇಕಾಯಿತು. ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ಗುಲಾಬಿ ಪಕಳೆ ಸುರಿಸುವುದು ಅವನಿಗೆ ಅಭ್ಯಾಸ. ಒಂದೊಂದನ್ನೇ ತೆಗೆಸಿದೆ. ಅಪ್ಪ ಮಾತ್ರ ಒಂದೇ ಹಟ ಹಿಡಿದರು: "ಆ ನನ್ನ ಕೂಗನ್ನ ತೆಗೆದುಹಾಕು. ಮಾನ ಹೋಗುತ್ತೆ."

ನಾನು ಅಮ್ಮನ ಮುಖ ನೋಡಿದೆ.

"ಇರಲಿ" ಎಂದಳು ಅಮ್ಮ. "ಹಳೇದರಲ್ಲಿ ಅವಳನ್ನ ಯಾರೂ ಕೂಗಿ ಕರೆಯಲೇ ಇಲ್ಲ. ಇದರಲ್ಲಾದರೂ ಒಬ್ಬರು ಕರೆದರಲ್ಲ."

ಅಪ್ಪ ಎದ್ದು ಹೋದರು. ಆದರೆ ಮತ್ತೆ ಆ ಮಾತೆತ್ತಲಿಲ್ಲ.

ಸಂಕ್ರಾಂತಿಯ ಮಧ್ಯಾಹ್ನ ನಮ್ಮ ಕಡೆಯ ಮಠದ ಹಜಾರದಲ್ಲಿ ಕನ್ನಡದ ಮನೆಗಳವರೆಲ್ಲ ಎಳ್ಳುಬೆಲ್ಲಕ್ಕೆ ಸೇರುತ್ತಿದ್ದರು. ಅಲ್ಲಿಯೇ ಟಿ.ವಿ. ಇಟ್ಟು ತೋರಿಸಿದೆವು. ಕೆಲವು ಯಾತ್ರಿಕರೂ ಬಂದು ಕೂತರು. ರೆಕಾರ್ಡಿನಲ್ಲಿ ಸೇರಿಕೊಂಡಿದ್ದ ಗಾಳಿಯ ಸದ್ದಿಗೆ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಅಪ್ಪ ಬಾಗಿಲಿಗೆ ಬೈಯುವುದು ಬಾಗಿಲಿಗೆ ಬೈದ ಹಾಗೆಯೇ ಕಾಣುತ್ತಿತ್ತು. ಎರಡು ಮಕ್ಕಳು ನಕ್ಕವು. ಆದರೆ ದೋಣಿ ಮಂಜಿನಲ್ಲಿ ಮರೆಯಾಗಿ, ಬರಿಯ ಬೆಳ್ಳಗಿನ ಪರದೆಯ ಮೇಲೆ ಅಪ್ಪನ ಕೂಗು ಕೇಳಿಸಿದಾಗ ಹಜಾರ ತಣ್ಣಗಾಯಿತು.

ಆ ಮೌನ ಮುರಿದದ್ದು ಪಕ್ಕದ ಗಲ್ಲಿಯ ಅಜ್ಜಿ. "ಅಲ್ಲವೇ, ಮಾವ ಎಲ್ಲಾದರೂ ಸೊಸೆಯನ್ನ 'ಇವಳೇ' ಅಂತ ಕರೀತಾನಾ?"

ಹಜಾರವೆಲ್ಲ ಗೊಳ್ಳೆಂದಿತು. ಅಪ್ಪ ಎಳ್ಳುಬೆಲ್ಲದ ತಟ್ಟೆಯನ್ನು ದಿಟ್ಟಿಸುತ್ತಾ ಕೂತರು.

ಹಾಸನದ ಕಡೆಯಿಂದ ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ಮಾತ್ರ ನಗಲಿಲ್ಲ. ಅಮ್ಮನ ಹತ್ತಿರ ಬಂದು ಕೇಳಿದರು, "ಹಳೇದನ್ನ ನಾನೂ ನೋಡಿದ್ದೆ ತಾಯಿ, ಅತ್ತಿದ್ದೆ. ಇದರಲ್ಲಿ ಅವಳು ಎಲ್ಲಿಗೆ ಹೋದಳು, ಅದನ್ನ ಹೇಳಲೇ ಇಲ್ಲವಲ್ಲ?"

ಅದನ್ನು ನಾನು ಬರೆದೇ ಇರಲಿಲ್ಲ. ಅಮ್ಮ ಯೋಚಿಸಲೂ ಇಲ್ಲ.

"ಹೊಳೆಯಾಚೆಯ ಈ ರಾಮನಗರಕ್ಕೆ. ಕೋಟೆ ಹತ್ತಿರದ ಬಜಾರಿನಲ್ಲಿ ಒಂದು ಕೋಣೆ ಹಿಡಿದಿದ್ದಾಳೆ. ಚಕ್ಕುಲಿ, ಕೋಡುಬಳೆ ಮಾಡಿ ಮಾರ್ತಾಳೆ. ಆ ಕಡೆಯವರಿಗೆ ಅದು ಹೊಸದು, ಚೆನ್ನಾಗಿ ಹೋಗುತ್ತೆ."

"ಗಂಡ?"

"ಊರಿಂದ ಬಂದ ಮೇಲೆ ವಿಚಾರಿಸಿಕೊಂಡು ಅಲ್ಲಿಗೇ ಬರಲಿ."

ಆಕೆ ತಲೆಯಾಡಿಸಿ, "ಹಾಗಾದರೆ ಸರಿ" ಎಂದರು.

ಆ ಮಾತುಕತೆ ಅಲ್ಲಿಗೇ ಮುಗಿಯಲಿಲ್ಲ. ಸುತ್ತ ಕೂತಿದ್ದ ಹೆಂಗಸರು ತಾವು ನೋಡಿದ ಹಳೆಯ ಚಿತ್ರಗಳನ್ನು ಒಂದೊಂದಾಗಿ ತೆಗೆದರು. ಒಂದರಲ್ಲಿ ತಂಗಿಯ ಓದು ನಿಲ್ಲಿಸಿ ಅಣ್ಣನನ್ನು ಓದಿಸುತ್ತಾರೆ, ಅದನ್ನು ಸರಿಮಾಡಬೇಕು. ಇನ್ನೊಂದರಲ್ಲಿ ಮಲತಾಯಿ ಕೆಟ್ಟವಳಾಗಲೇಬೇಕಿತ್ತೇ, ಅದನ್ನು ನೋಡಬೇಕು. ಪಕ್ಕದ ಗಲ್ಲಿಯ ಅಜ್ಜಿಗೆ ತಂಗಿಯ ಓದಿನದೇ ಆಗಬೇಕು. "ಓದೋ ಹುಡುಗಿ ಪಾತ್ರಕ್ಕೆ ನಮ್ಮ ಮೊಮ್ಮಗಳನ್ನ ಕಳಿಸ್ತೀನಿ, ಅದರಲ್ಲಿ ದೋಷವೇನಿಲ್ಲ" ಎಂದರು.

ಖರಮಾಸ ಮುಗಿದು ಮದುವೆಗಳು ಶುರುವಾಗುವುದರಲ್ಲಿದ್ದವು, ವಿಡಿಯೋದವನಿಗೆ ಇನ್ನು ಪುರುಸೊತ್ತು ಸಿಗುವಂತಿರಲಿಲ್ಲ. ಬೇಸಗೆಯ ಮದುವೆಗಳು ಮುಗಿಯುವ ತನಕ ಕಾಯಬೇಕಿತ್ತು. ಕಾಯುವಷ್ಟರಲ್ಲಿ ಮಾತುಗಳನ್ನಾದರೂ ಬರೆದಿಡೋಣವೆಂದು ಮರುದಿನ ಮಧ್ಯಾಹ್ನ ನಾನೂ ಆ ಹುಡುಗಿಯೂ ತಾರಸಿಯಲ್ಲಿ ಕೂತೆವು. ಅಪ್ಪ ಮಡಿಪಂಚೆ ಒಣಹಾಕಲು ಮೇಲೆ ಬಂದರು, ಹರವಿ ಮುಗಿಸಿದರೂ ಕೆಳಗೆ ಹೋಗಲಿಲ್ಲ.

"ಇದರಲ್ಲಿ ಅಪ್ಪನ ಪಾತ್ರ ಉಂಟೋ?" ಎಂದು ಕೇಳಿದರು.